ಹದಿನೇಳನೆಯ ತಟ್ಟೆ

ಮಗಳ ತಲೆಗೆ ನಡುಬೈತಲೆ ತೆಗೆದು, ಒಂದು ಕಡೆಯ ಜಡೆ ಹೆಣೆದು ರಿಬ್ಬನ್ ಕಟ್ಟಿ, ಇನ್ನೊಂದು ಕಡೆಯ ಕೂದಲನ್ನು ಮೂರು ಕಾಲು ಮಾಡಿಕೊಳ್ಳುವಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ರಾತ್ರಿ ಪಾಳಿ ಮುಗಿಸಿ ಬಂದ ಗಂಡ ಒಳಗೆ ಮಲಗಿದ್ದ. ಅವನು ಮಲಗಿದ ಮೇಲೆ ಈ ಮನೆಯಲ್ಲಿ ತೊಳೆದ ಪಾತ್ರೆಗಳನ್ನು ಬಟ್ಟೆ ಹಾಸಿ ಅದರ ಮೇಲಿಡುವುದು ರೂಢಿ. ಮಾತೆಲ್ಲ ಪಿಸುಮಾತು, ನಡಿಗೆಯೆಲ್ಲ ತುದಿಗಾಲು. ಹಲ್ಲಲ್ಲಿ ಕಚ್ಚಿಕೊಂಡಿದ್ದ ಎರಡನೆಯ ರಿಬ್ಬನ್ನನ್ನು ತೆಗೆಯದೆ, ಹಿಡಿದಿದ್ದ ಕೂದಲನ್ನು ನೀನೇ ಹಿಡಿದುಕೋ ಎಂದು ಸನ್ನೆಯಲ್ಲಿ ಮಗಳ ಕೈಗೆ ಒಪ್ಪಿಸಿ, ಅವಳು ಬಾಗಿಲು ತೆರೆದಳು. ಹೊರಗೆ ಸಸಿಯಕ್ಕ ನಿಂತಿದ್ದಳು. ಊರಾಚೆ ನೆರಳುಬಲೆಯ ಕೆಳಗೆ ಸಾವಿರಗಟ್ಟಲೆ ಟೊಮೆಟೊ ಸಸಿ ಎಬ್ಬಿಸಿ ತೋಟದವರಿಗೆ ಕೊಡುವವಳು. ವರ್ಷಕ್ಕೆ ಎರಡು ಮೂರು ಸಲ ಮಣ್ಣಿನ ಪೊಟ್ಟಣ ಹಿಡಿದು ಇವಳು ಕೆಲಸ ಮಾಡುವ ಪ್ರಯೋಗಾಲಯಕ್ಕೆ ಬರುತ್ತಿದ್ದಳೇ ಹೊರತು ಮನೆಯ ಬಾಗಿಲಿಗೆ ಯಾವತ್ತೂ ಬಂದವಳಲ್ಲ. ಕೈಯಲ್ಲಿ ಒದ್ದೆ ಗೋಣಿಯ ಸುತ್ತು ಇತ್ತು. ಅದರಿಂದ ಹೊಸ್ತಿಲ ಮೇಲೆ ಕೆಸರು ನೀರು ತೊಟ್ಟಿಕ್ಕುತ್ತಿತ್ತು.

"ಹುಳದ ಮೇಡಮ್ಮ, ಬೆಳಬೆಳಗ್ಗೆ ಬಂದ್ಲು ಅಂತ ಬೇಜಾರು ಮಾಡ್ಕೋಬೇಡಿ," ಎಂದಳು ಸಸಿಯಕ್ಕ, ತನ್ನ ಮಾಮೂಲಿ ಗಟ್ಟಿ ದನಿಯಲ್ಲಿ.

ಅವಳು ತುಟಿಯ ಮೇಲೆ ಬೆರಳಿಟ್ಟು ಒಳಕೋಣೆಯ ಕಡೆ ಕಣ್ಣು ತೋರಿಸಿದಳು. ಸಸಿಯಕ್ಕ ನಾಲಿಗೆ ಕಚ್ಚಿಕೊಂಡು, ಪಿಸುಗುಟ್ಟಲು ಬಾರದವರು ಪಿಸುಗುಟ್ಟುವ ಹಾಗೆ, ಇನ್ನೂ ಹೆಚ್ಚು ಕೇಳಿಸುವಂತೆ ಹೇಳಿದಳು: "ಇದನ್ನ ನೋಡಿ ಸ್ವಲ್ಪ."

ಗೋಣಿಯೊಳಗೆ ಒಂದು ಟೊಮೆಟೊ ಗಿಡ ಬೇರುಸಹಿತ ಇತ್ತು. ಎಲೆ ಹಳದಿ, ಕಾಂಡ ಮೋಟು. ಬೇರುಗಳು ಬೇರಿನ ಹಾಗಿರಲಿಲ್ಲ. ಉದ್ದಕ್ಕೂ ಉಬ್ಬಿ, ಗಂಟುಗಟ್ಟಿ, ಒಂದರ ಪಕ್ಕ ಒಂದು ಅಂಟಿಕೊಂಡು, ವಾತ ಹಿಡಿದ ಮುದುಕಿಯ ಬೆರಳುಗಳ ಹಾಗೆ ಸೊಟ್ಟಗಾಗಿದ್ದವು. ಹೆಸರು ಹೇಳುವ ಅಗತ್ಯವಿರಲಿಲ್ಲ. ಹನ್ನೊಂದು ವರ್ಷದಿಂದ ಅವಳು ಕೂತು ಎಣಿಸುತ್ತಿದ್ದದ್ದು ಈ ಬೇರುಗಂಟಿನ ಹುಳುಗಳನ್ನೇ. ಕಣ್ಣಿಗೆ ಕಾಣದ, ಗಾಜಿನ ದಾರದ ತುಂಡಿನಂಥ ಮರಿಗಳನ್ನು.

"ಮೂರು ತೋಟದಲ್ಲಿ ಹಿಂಗೇ ಆಗಿದೆ. ಮಧ್ಯಾಹ್ನ ಆದ್ರೆ ಗಿಡ ತಲೆ ಬಗ್ಗಿಸ್ಕೊಂಡು ನಿಲ್ಲತ್ತೆ, ಸಂಜೆಗೆ ಎದ್ದೇಳತ್ತೆ. ನೀರು ಸಾಲ್ದು ಅಂತ ನೀರು ಬಿಟ್ರು, ಗೊಬ್ಬರ ಸಾಲ್ದು ಅಂತ ಗೊಬ್ಬರ ಹಾಕಿದ್ರು. ಕೊನೆಗೆ ಕಿತ್ತು ನೋಡಿದ್ರೆ ಇದು."

"ಮೂರೂ ನಿಮ್ಮ ಸಸೀನಾ?"

"ನಂದೇ. ನಿನ್ನ ಟ್ರೇ ಮಣ್ಣಿಂದ್ಲೇ ಬಂದಿದ್ದು ಅಂತ ತೋಟದವ್ರು ನಂಗೇ ಹೇಳ್ತಾರೆ. ನಾನು ಬಿಡ್ತೀನಾ? ನಿಮ್ಮ ಮಣ್ಣು ಪರೀಕ್ಷೆ ಚೀಟಿ ಶೆಡ್ಡಲ್ಲಿ ಮೊಳೆ ಹೊಡ್ದು ಹಾಕಿದ್ದೀನಲ್ಲ, ಅದನ್ನೇ ತೋರಿಸ್ದೆ. ಹುಳ ಸೊನ್ನೆ ಅಂತಿದೆ ಓದ್ಕೊಳಿ, ಹುಳದ ಮೇಡಮ್ಮ ಕಣ್ಣಾರೆ ನೋಡಿ ಬರ್ದಿರೋದು ಅಂದೆ. ಬಾಯಿ ಮುಚ್ಕೊಂಡು ಹೋದ್ರು."

ರಿಬ್ಬನ್ ಇನ್ನೂ ಹಲ್ಲಲ್ಲೇ ಇದೆಯೆಂದು ಅವಳಿಗೆ ಆಗ ತಿಳಿಯಿತು. ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡಳು. ಅದು ಎಂಜಲಿನಲ್ಲಿ ನೆನೆದಿತ್ತು.

"ಆ ಮಣ್ಣು... ಯಾವಾಗ್ಲೂ ತರ್ತಿದ್ರಲ್ಲ, ಅದೇ ಕಡೇದು ತಾನೆ?" ಎಂದು ಕೇಳಿದಳು.

"ಅಯ್ಯೋ ಇಲ್ಲ, ಅಲ್ಲಿ ಮುಗ್ದೋಯ್ತು. ಈ ಸಲ ಹೊಳೆ ಆಚೆಯಿಂದ ಎರಡು ಲೋಡು ಹೊಡೆಸಿದ್ದು. ಹೊಸ ಮಣ್ಣು ಅಂತಾನೇ ಅಲ್ವಾ ಮೊದ್ಲು ನಿಮ್ಮ ಹತ್ರ ತೋರಿಸ್ಕೊಂಡು ಆಮೇಲೆ ಮುಟ್ಟಿದ್ದು. ಎಲ್ರೂ ತೆಂಗಿನ ನಾರಿನ ಪುಡೀಲಿ ಬೆಳೆಸಿ ಅಂತಾರೆ. ಮಣ್ಣೇ ಕಾಣ್ದಿರೋ ಸಸಿ ನಾಳೆ ತೋಟಕ್ಕೆ ಹೋಗಿ ಯಾರ ಮುಖ ನೋಡತ್ತೆ ಹೇಳಿ?" ಸಸಿಯಕ್ಕ ತನ್ನ ಮಾತಿಗೆ ತಾನೇ ನಕ್ಕಳು, ಮತ್ತೆ ಒಳಕೋಣೆಯ ನೆನಪಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಮಧ್ಯಾಹ್ನ ಒಂದ್ಸಲ ಬಂದು ನೋಡ್ಕೊಂಡು ಹೋಗಿ. ನಾಳೆ ಬೆಳಗ್ಗೆ ಗಾಡಿ ಬರತ್ತೆ, ನಾನ್ನೂರು ಟ್ರೇ ಹೋಗ್ಬೇಕು. ಅದೇ ಗುಡ್ಡೇದು. ಮುಂದಿನ ಸಲದ್ದೂ ತುಂಬೋಕೆ ಶುರು ಮಾಡಿದ್ದೀವಿ. ನೀವು ಬಂದು ಒಂದು ಮಾತು ಹೇಳಿದ್ರೆ ನಂಗೆ ಧೈರ್ಯ."

ಬರುತ್ತೇನೆ ಎಂದು ಅವಳು ತಲೆಯಾಡಿಸಿ, ಗೋಣಿಯ ಸುತ್ತನ್ನು ತೆಗೆದುಕೊಂಡಳು. ಬಾಗಿಲು ಹಾಕಿ ತಿರುಗಿದರೆ ಮಗಳು ಅಲ್ಲೇ, ಎರಡು ಹೆಜ್ಜೆ ಹಿಂದೆ, ಬಿಚ್ಚಿದ ಕೂದಲನ್ನು ಮೂರು ಕಾಲಾಗಿಯೇ ಬೆರಳ ನಡುವೆ ಬಿಗಿಯಾಗಿ ಹಿಡಿದುಕೊಂಡು ನಿಂತಿದ್ದಳು. ಮೂರನೆಯ ಕ್ಲಾಸಿನ ಹುಡುಗಿ, ಅಪ್ಪ ಕಡ್ಡಿ ಎಂದು ಕರೆಯುತ್ತಿದ್ದಷ್ಟು ತೆಳ್ಳಗೆ. ಅವಳ ಕಣ್ಣು ಹೊಸ್ತಿಲ ಮೇಲೆ ಉಳಿದ ಕೆಸರಿನ ಹನಿಗಳ ಮೇಲಿತ್ತು. ಬಾಯಿ ಸ್ವಲ್ಪ ತೆರೆದು, ಮುಚ್ಚಿತು. ತಾಯಿ ಬೇಗ ಬೇಗ ಒರೆಸುವ ಬಟ್ಟೆ ತಂದು ಹೊಸ್ತಿಲು ಒರೆಸಿದಳು, ಇನ್ನೊಂದು ಸಲ ಒರೆಸಿದಳು, ಕೈ ತೊಳೆದು ಬಂದು ಎರಡನೆಯ ಜಡೆ ಹೆಣೆದಳು. ಹೆಣಿಗೆ ಸಡಿಲವಾಯಿತು, ಬಿಚ್ಚಿದಳು, ಮತ್ತೆ ಹೆಣೆದಳು. "ನೋಯ್ತಿದೆ ಅಮ್ಮ," ಎಂದಿತು ಮಗು. ಅಷ್ಟು ಬಿಗಿಯಾಗಿ ಎಳೆದಿದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ.

ಶಾಲೆಗೆ ಹೋಗುವ ದಾರಿ ಹತ್ತು ನಿಮಿಷದ್ದು. ಅಂಗಡಿಗಳ ರೋಲಿಂಗ್ ಬಾಗಿಲು ಮೇಲೇಳುತ್ತಿದ್ದವು, ಹಾಲಿನ ಕ್ರೇಟುಗಳನ್ನು ಯಾರೋ ಎಳೆಯುತ್ತಿದ್ದರು, ಮಗಳ ಕೈ ಅವಳ ಕೈಯಲ್ಲಿ ಬೆವರುತ್ತಿತ್ತು. ಎರಡು ರಾತ್ರಿ ಎರಡು ಹಗಲು ಎಂದು ಅವಳು ಮನಸ್ಸಿನಲ್ಲೇ ಹೇಳಿಕೊಂಡಳು, ಹೊಸದಾಗಿ ಕಲಿಯಲು ಬಂದವರಿಗೆ ಹೇಳಿಕೊಡುವ ಹಾಗೆ. ಅಗಲವಾದ ತಟ್ಟೆ, ಅದರಲ್ಲಿ ಜಾಲರಿ, ಜಾಲರಿಯ ಮೇಲೆ ಟಿಶ್ಯೂ ಕಾಗದ, ಕಾಗದದ ಮೇಲೆ ತೆಳ್ಳಗೆ ಹರಡಿದ ಮಣ್ಣು, ಮಣ್ಣಿನ ಅಡಿ ನೆನೆಯುವಷ್ಟು ನೀರು. ಅಲುಗಾಡಿಸದೆ ಬಿಡಬೇಕು. ಸತ್ತದ್ದು ಮೇಲೇ ಉಳಿಯುತ್ತದೆ, ಜೀವವಿದ್ದದ್ದು ಕಾಗದದಲ್ಲಿ ದಾರಿ ಮಾಡಿಕೊಂಡು ಕೆಳಗಿನ ನೀರಿಗೆ ಇಳಿಯುತ್ತದೆ. ಎರಡು ದಿನ ಕಳೆದ ಮೇಲೆ ಜಾಲರಿ ಎತ್ತಿ, ಮಣ್ಣು ಬುಟ್ಟಿಗೆ ಸುರಿದು, ಉಳಿದ ನೀರನ್ನು ಗೆರೆ ಹಾಕಿದ ಗಾಜಿನ ಬಿಲ್ಲೆಗೆ ತಂದು ಎಣಿಸಬೇಕು. ಬರಿಗಣ್ಣಿಗೆ ಅದು ಕುಡಿಯುವ ನೀರಿನಷ್ಟು ತಿಳಿ. ನಾಲ್ಕು ತಿಂಗಳ ಹಿಂದಿನ ಆ ಶನಿವಾರ, ಸಸಿಯಕ್ಕನ ಮಣ್ಣಿದ್ದ ಹದಿನೇಳನೆಯ ತಟ್ಟೆಯ ನೀರು ಅಷ್ಟೇ ತಿಳಿಯಾಗಿತ್ತು. ಅರ್ಧ ದಿನದ ಶಾಲೆ ಮುಗಿಸಿ ಬಂದ ಮಗಳನ್ನು ಒಬ್ಬಳನ್ನೇ ಮನೆಗೆ ಕಳಿಸಲು ಮನಸ್ಸು ಬಾರದೆ, ಮಕ್ಕಳಿಗೆ ಪ್ರವೇಶವಿಲ್ಲ ಎಂದು ಬಾಗಿಲಿಗೆ ಅಂಟಿಸಿದ್ದ ಕಾಗದದ ಕೆಳಗಿನಿಂದಲೇ ಒಳಗೆ ಕರೆದುಕೊಂಡು ಹೋಗಿ, ಕಿಟಕಿಯ ಪಕ್ಕ ಕೂರಿಸಿ, ಬಣ್ಣದ ಡಬ್ಬಿ ಕೊಟ್ಟು, ಸದ್ದು ಮಾಡದೆ ಬರಿ ಎಂದಿದ್ದಳು. ಪ್ರಯೋಗಾಲಯದ ಮುಖ್ಯಸ್ಥರಾದ ಡಾಕ್ಟರು ಕರೆದರು. ಹೋಗಿ ಬರಲು ಐದೇ ನಿಮಿಷ. ಬಂದಾಗ ಮಗಳು ಕೈತೊಳೆಯುವ ತೊಟ್ಟಿಯ ಎದುರು ಬೆನ್ನು ತಿರುಗಿಸಿ ನಿಂತಿದ್ದಳು. ಕೈಯಲ್ಲಿ ಖಾಲಿ ತಟ್ಟೆ. ತೊಟ್ಟಿಯ ಬಿಳಿಯ ಮೇಲೆ ತೂತಿನ ಕಡೆ ಇಳಿಯುತ್ತಿದ್ದ ತೆಳು ನೀಲಿ. ಬ್ರಶ್ ಅದ್ದಿದ್ದಕ್ಕೆ ನೀರು ನೀಲಿಯಾಯಿತು, ನೀಲಿಯಾಗಿದ್ದಕ್ಕೆ ಹೆದರಿ ಚೆಲ್ಲಿದೆ ಎಂದು ಆ ಮಗು ಹೇಳಲೂ ಇಲ್ಲ, ಅವಳು ಕೇಳಲೂ ಇಲ್ಲ. ಬೈಯಲಿಲ್ಲ. ಬೈಯಬಾರದು ಎಂದುಕೊಂಡಳು. ಮಂಡಿಯೂರಿ ಕೂತು, ನಡುಗುತ್ತಿದ್ದ ಕಡ್ಡಿ ಮೈಯನ್ನು ಅಪ್ಪಿಕೊಂಡು, ಏನೂ ಆಗಿಲ್ಲ ಬಂಗಾರ ಎಂದಳು. ಅಷ್ಟು ಹೇಳಿದ ಮೇಲೆ ನಿಜವಾಗಿಯೂ ಏನೂ ಆಗದಂತೆ ನೋಡಿಕೊಳ್ಳುವುದು ತನ್ನ ಕೆಲಸ ಎನಿಸಿತ್ತು.

ಮಾಡಬೇಕಾಗಿದ್ದು ಸುಲಭವಿತ್ತು. ರಿಜಿಸ್ಟರಿನಲ್ಲಿ ಷರಾ ಎಂಬ ಕಾಲಮ್ಮೇ ಇದೆ: ಮಾದರಿ ಹಾಳಾಗಿದೆ, ಮತ್ತೆ ಕಳಿಸಿ. ಆದರೆ ಹೇಗೆ ಹಾಳಾಯಿತು ಎಂದು ಕೇಳುತ್ತಾರೆ. ಅದಕ್ಕೆ ಒಂದು ವಾರದ ಹಿಂದಷ್ಟೇ ಡಾಕ್ಟರು, ಎಲ್ಲರ ಎದುರು, ಕನ್ನಡಕದ ಮೇಲಿಂದ ನೋಡಿ, ಇದು ಶಿಶುವಿಹಾರ ಅಲ್ಲಮ್ಮ ಎಂದಿದ್ದರು. ಇನ್ನೊಮ್ಮೆ ಆದರೆ ಬರೆದು ಕೊಡಬೇಕಾಗುತ್ತದೆ ಎಂದಿದ್ದರು. ನಗುವನ್ನು ಮುಚ್ಚಿಕೊಳ್ಳಲು ಯಾರೋ ಕೆಮ್ಮಿದ್ದರು. ಪೊಟ್ಟಣದಲ್ಲಿ ಉಳಿದಿದ್ದ ಮಣ್ಣು ಕಿಟಕಿಯ ಬಿಸಿಲಿಗೆ ಬೂದಿಯಾಗಿತ್ತು, ಅದರಲ್ಲಿ ಹುಳು ಇದ್ದರೂ ಬದುಕಿರುವ ಹಾಗಿರಲಿಲ್ಲ. ಸಸಿಯಕ್ಕನ ಮಣ್ಣು ಅದಕ್ಕೆ ಮೊದಲು ನಾಲ್ಕು ಸಲ ಬಂದಿತ್ತು, ನಾಲ್ಕೂ ಸಲ ಸೊನ್ನೆ. ಐದನೆಯ ಸಲವೂ ಸೊನ್ನೆಯೇ ತಾನೆ. ಪೆನ್ನು ಎತ್ತಿಕೊಂಡಳು. ಮಗಳು ಮೇಜಿನ ಅಂಚಿಗೆ ಗಲ್ಲ ಊರಿ ನೋಡುತ್ತಿದ್ದಳು. ಪೆನ್ನಿನ ತುದಿ ಒಂದು ಸುತ್ತು ಬಂದು ಹೊರಟಲ್ಲಿಗೇ ಸೇರುವವರೆಗೂ ಆ ಕಣ್ಣುಗಳು ಅದನ್ನು ಹಿಂಬಾಲಿಸಿದ್ದವು.

"ಅಮ್ಮ," ಎಂದಳು ಮಗಳು ಈಗ, ಶಾಲೆಯ ಗೇಟು ಕಾಣುತ್ತಿದ್ದಂತೆ.

"ಏನು ಮರಿ?"

"ಏನಿಲ್ಲ."

"ಹೇಳು."

"ನೀರಿನ ಬಾಟಲಿ ಹಾಕಿದ್ಯಾ?"

ಹಾಕಿದ್ದಳು. ಮಗಳಿಗೂ ಅದು ಗೊತ್ತಿತ್ತು. ಬಾಟಲಿ ಅವಳ ಕುತ್ತಿಗೆಗೇ ನೇತುಬಿದ್ದಿತ್ತು. ಯಾಕೆ ಸೊನ್ನೆ ಬರೆದೆ ಅಮ್ಮ ಎಂಬುದು ಆ ಸಣ್ಣ ಗಂಟಲಿನವರೆಗೆ ಬಂದು ಹಿಂದಕ್ಕೆ ಹೋಗುತ್ತಿದೆ ಎಂದು ಅವಳಿಗೆ ಖಚಿತವಾಗಿತ್ತು. ನಾಲ್ಕು ತಿಂಗಳಿಂದ ಹಾಗೇ. ಊಟಕ್ಕೆ ಕೂತಾಗ, ಉಗುರು ಕತ್ತರಿಸುವಾಗ, ಹೋಮ್‌ವರ್ಕ್ ಪುಸ್ತಕದಲ್ಲಿ ಲೆಕ್ಕ ತಪ್ಪಾಗಿ ಅವಳು ಅಳಿಸು ಎಂದಾಗ. ಸುಳ್ಳು ಹೇಳಬಾರದು ಎಂದು ಹೇಳಿಕೊಡುವುದನ್ನು ಅವಳು ಯಾವಾಗಲೋ ನಿಲ್ಲಿಸಿಬಿಟ್ಟಿದ್ದಳು, ನಿಲ್ಲಿಸಿದ್ದು ಮಗಳಿಗೆ ಗೊತ್ತಾಗಿದೆಯೇನೋ ಎಂಬ ಇನ್ನೊಂದು ಹೆದರಿಕೆ. ಬಣ್ಣದ ಡಬ್ಬಿಯನ್ನು ಮಗು ಅವತ್ತಿನಿಂದ ತೆರೆದಿರಲಿಲ್ಲ. ಮಕ್ಕಳಿಗೆ ಒಂದೊಂದು ಕಾಲಕ್ಕೆ ಒಂದೊಂದು ಹುಚ್ಚು, ಅದು ಹೋಯಿತು ಎಂದಿದ್ದ ಗಂಡ. ಇರಬಹುದು ಎಂದಿದ್ದಳು ಅವಳು. ತನ್ನ ಮೇಲಿನ ಮುನಿಸು ಅದು ಎಂದು ಗಂಡನಿಗೆ ಹೇಳಲಾಗುತ್ತದೆಯೇ? ಗೇಟಿನ ಬಳಿ ಬಗ್ಗಿ ರಿಬ್ಬನ್ ಸರಿಮಾಡಿದಳು. ಮಗಳು ಅವಳ ಮುಖವನ್ನು ತೀರ ಹತ್ತಿರದಿಂದ, ಏನನ್ನೋ ಓದುವ ಹಾಗೆ ನೋಡಿ, ಓಡಿದಳು.

ಪ್ರಯೋಗಾಲಯಕ್ಕೆ ಇನ್ನೂ ಯಾರೂ ಬಂದಿರಲಿಲ್ಲ. ಗೋಣಿಯ ಗಿಡದಿಂದ ಒಂದು ಬೇರು ಕತ್ತರಿಸಿ, ಮಣ್ಣು ತೊಳೆದು, ಬಿಲ್ಲೆಯಲ್ಲಿಟ್ಟು, ಒಂದು ಗಂಟನ್ನು ಸೂಜಿಯಿಂದ ಬಿಡಿಸಿದಳು. ಒಳಗಿನಿಂದ ಮುತ್ತಿನ ಬಣ್ಣದ, ಹನಿಯ ಆಕಾರದ ಹೆಣ್ಣು ಜಾರಿ ಬಂತು. ಇದನ್ನು ಎಷ್ಟು ಸಾವಿರ ಸಲ ನೋಡಿದ್ದಳೋ. ಎಳೆ ಬೇರಿನ ತುದಿಯಲ್ಲಿ ಒಳಹೊಕ್ಕು, ಒಂದು ಕಡೆ ತಲೆ ಊರಿದರೆ ಮುಗಿಯಿತು, ಮತ್ತೆ ಅಲ್ಲಿಂದ ಕದಲುವುದಿಲ್ಲ. ಗಿಡವೇ ಮನೆ ಕಟ್ಟಿಕೊಡುತ್ತದೆ, ಗಿಡವೇ ಉಣಿಸುತ್ತದೆ, ತನಗೆ ಬೇಕಾಗಿದ್ದ ನೀರಿನ ದಾರಿಯನ್ನೇ ಅದಕ್ಕಾಗಿ ತಿರುಚಿಕೊಂಡು ಉಬ್ಬಿಸಿಕೊಳ್ಳುತ್ತದೆ. ಹೆಣ್ಣು ಕೂತಲ್ಲೇ ಊದಿಕೊಂಡು, ಅಂಟಿನಂಥ ಒಂದು ಚೀಲದಲ್ಲಿ ನೂರಾರು ಮೊಟ್ಟೆ ಇಟ್ಟು, ಅವು ಒಣಗದ ಹಾಗೆ ಕಾಪಾಡುತ್ತದೆ. ಮಗಳು ಹೊಟ್ಟೆಯಲ್ಲಿದ್ದಾಗ, ಕಾಲು ಬಾವು ಬಂದು, ಸ್ಟೂಲಿನ ಮೇಲೆ ಕೂತೇ ಇರಬೇಕಾಗಿದ್ದ ಆ ತಿಂಗಳುಗಳಲ್ಲಿ, ಮಸೂರದ ಕೆಳಗಿನ ಈ ಮುದ್ದೆ ಜೀವದ ಮೇಲೆ ಅವಳಿಗೆ ಒಂದು ಬಗೆಯ ಸಲಿಗೆಯೇ ಬಂದಿತ್ತು. ನೀನೂ ಪಾಪ, ನಾನೂ ಪಾಪ ಎಂದು ಮನಸ್ಸಿನಲ್ಲೇ ಹೇಳಿ ನಕ್ಕಿದ್ದಳು. ಈಗ ಕಣ್ಣು ಎತ್ತಿದಳು. ಒಂದು ತೋಟಕ್ಕೆ ಇದು ಒಮ್ಮೆ ಇಳಿದರೆ ಆ ಮಣ್ಣಿನಿಂದ ಪೂರ್ತಿ ತೆಗೆಯಲು ಯಾರಿಂದಲೂ ಆಗುವುದಿಲ್ಲ. ಮೂರು ತೋಟ. ನಾಳೆ ಬೆಳಗ್ಗೆ ನಾನ್ನೂರು ಟ್ರೇ. ಅವು ಇನ್ನೆಷ್ಟು ತೋಟಕ್ಕೆ ಇಳಿಯುತ್ತವೋ.

ಆದರೆ ಆ ತಟ್ಟೆಯಲ್ಲಿ ಇದ್ದವು ಎಂದು ಯಾರು ಹೇಳಿದರು? ಇಲ್ಲದೆಯೂ ಇದ್ದಿರಬಹುದು. ಬೇರೆ ತೋಟದ ನೇಗಿಲಿನಲ್ಲಿ ಬಂದಿರಬಹುದು, ಕಾಲುವೆ ನೀರಿನಲ್ಲಿ, ಯಾರದೋ ಚಪ್ಪಲಿಯ ಮಣ್ಣಿನಲ್ಲಿ. ಅವಳು ಬರೆದ ಸೊನ್ನೆ ನಿಜವೇ ಇರಬಹುದು. ಹೀಗೆ ಅಂದುಕೊಂಡಾಗ ಒಂದು ಕ್ಷಣ ಉಸಿರು ಸಲೀಸಾಗುತ್ತಿತ್ತು, ಮರುಕ್ಷಣ ಹೊಳೆಯಾಚೆಯ ಎರಡು ಲೋಡು ನೆನಪಾಗಿ ಎದೆಯ ಮೇಲೆ ಬಂದು ಸುರಿಯುತ್ತಿತ್ತು.

"ಏನಮ್ಮ, ಬೆಳಗ್ಗೇನೇ ಗಂಟು ಬಿಚ್ತಾ ಕೂತಿದ್ದೀರಾ?" ಡಾಕ್ಟರು ಒಳಗೆ ಬಂದರು. ಮಣ್ಣಿನ ವಿಷಯದಲ್ಲಿ ಪಡೆದ ಪದವಿ ಅವರದು. ಆದರೂ ಮಾದರಿ ತರುವ ತೋಟದವರು ಡಾಕ್ಟ್ರೇ ಎಂದು ಕರೆದು ಮಣ್ಣಿನ ಜೊತೆಗೆ ತಮ್ಮ ಸೊಂಟ ನೋವನ್ನೂ ಹೇಳಿಕೊಳ್ಳುತ್ತಿದ್ದರು, ಅವರೂ ಗಂಭೀರವಾಗಿ ಬಿಸಿನೀರು ಹಾಕಿ ಎನ್ನುತ್ತಿದ್ದರು.

ಅವಳು ವಿಷಯ ಹೇಳಿದಳು. ಅವರು ಬಗ್ಗಿ ಮಸೂರದಲ್ಲಿ ನೋಡಿ, "ಹ್ಞೂಂ, ಮನೆ ತುಂಬಾ ಮಕ್ಕಳು," ಎಂದರು. "ನಮ್ಮ ಚೀಟಿ ಹೋಗಿದೆಯಾ ಅವರಿಗೆ?"

"ಹೋಗಿದೆ ಸರ್."

ರಿಜಿಸ್ಟರು ತರಿಸಿದರು. ಅವಳೇ ಪುಟ ತೆಗೆದು ಕೊಟ್ಟಳು. ಹದಿನೇಳು. ಬೇರೆ ಸಾಲುಗಳಲ್ಲಿ ಅವಸರದಲ್ಲಿ ಬರೆದ ಅವಳ ಸೊನ್ನೆಗಳೆಲ್ಲ ಮೇಲೆ ಸ್ವಲ್ಪ ಬಾಯಿ ಬಿಟ್ಟುಕೊಂಡಿದ್ದವು. ಇದೊಂದು ಮಾತ್ರ ದುಂಡಗೆ, ಪೂರ್ತಿ ಮುಚ್ಚಿಕೊಂಡು ಕೂತಿತ್ತು. ಯಾರಾದರೂ ನೋಡಿದರೆ ಗೊತ್ತಾಗಿಬಿಡುತ್ತದೆ ಎನಿಸಿ ಅವಳ ಕಿವಿ ಬಿಸಿಯಾಯಿತು. ಡಾಕ್ಟರು ಬೆರಳಿಟ್ಟು ಓದಿ, ಕೆಳಗಿನ ತಮ್ಮ ಸಹಿ ನೋಡಿಕೊಂಡು, ಸಮಾಧಾನದಿಂದ ಪುಸ್ತಕ ಮುಚ್ಚಿದರು. "ಸರಿ. ಹಾಗಾದ್ರೆ ಮಣ್ಣಲ್ಲ. ಟ್ರೇ ಇರಬೇಕು. ಹಳೇ ಟ್ರೇಗಳನ್ನ ಅಲ್ಲಿ ಎಷ್ಟರಮಟ್ಟಿಗೆ ತೊಳೀತಾರೆ ದೇವರಿಗೇ ಗೊತ್ತು. ಹೋಗಿ ಹೇಳಿ ಬನ್ನಿ."

"ಸರ್, ಆ ಹದಿನೇಳು..."

"ಹೇಳಿ."

ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. ಕನ್ನಡಕವಿಲ್ಲದ ಆ ಕಣ್ಣುಗಳು ಮಂಕಾಗಿ, ಮೆತ್ತಗೆ, ಈಗ ತಾನೇ ನಿದ್ದೆಯಿಂದೆದ್ದ ಯಾರದೋ ತಾತನ ಕಣ್ಣುಗಳ ಹಾಗಿದ್ದವು. ಈಗ ಹೇಳಬೇಕು, ಇವರು ಕನ್ನಡಕ ಹಾಕಿಕೊಳ್ಳುವುದರೊಳಗೆ ಹೇಳಿಬಿಡಬೇಕು ಎಂದುಕೊಂಡಳು.

"ಇನ್ನೊಂದು ಸಲ ಮಾದರಿ ತರಲಾ ಸರ್? ಗುಡ್ಡೆ ಇನ್ನೂ ಇದೆಯಂತೆ."

"ತನ್ನಿ, ಅದಕ್ಕೇನು." ಕನ್ನಡಕ ಏರಿತು. ಬಾಗಿಲ ಬಳಿ ನಿಂತು ತಿರುಗಿದರು. "ಅಂದ ಹಾಗೆ, ಮಗಳನ್ನ ಈಗ ಒಳಗೆ ಕರ್ಕೊಂಡು ಬರ್ತಿಲ್ಲ ಅಲ್ವಾ? ಒಳ್ಳೇದಾಯ್ತು. ಹೇಳಿದ್ದನ್ನ ಕೇಳ್ತೀರಿ ನೀವು."

ಶನಿವಾರವಾದ್ದರಿಂದ ಮಧ್ಯಾಹ್ನ ಶಾಲೆ ಬಿಡುತ್ತಿದ್ದಂತೆ ಮಗಳನ್ನು ಕರೆದುಕೊಂಡೇ ಅವಳು ಸಸಿಯಕ್ಕನ ಶೆಡ್ಡಿಗೆ ಹೊರಟಳು. ಗಂಡ ಎದ್ದಿರುವುದಿಲ್ಲ, ಬೇರೆ ದಾರಿಯಿರಲಿಲ್ಲ. ಎಲ್ಲಿಗೆ ಎಂದು ಮಗಳು ಕೇಳಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಿಸಿ ಬಿಸ್ಕತ್ತಿನ ಪೊಟ್ಟಣ ಬಿಚ್ಚಿಕೊಟ್ಟರೆ ಒಂದನ್ನು ಕೈಯಲ್ಲಿ ಹಿಡಿದುಕೊಂಡು ಹಾಗೇ ಕೂತಳು. ಅವಳು ಮನಸ್ಸಿನಲ್ಲಿ ಮಾತು ಜೋಡಿಸುತ್ತಿದ್ದಳು. ಹೊಸ ಮಾದರಿ ತೆಗೆಯುತ್ತೇನೆ, ಮಂಗಳವಾರದವರೆಗೆ ಏನನ್ನೂ ಕಳಿಸಬೇಡಿ ಎಂದರೆ ಸಾಕಲ್ಲ. ಹೊಸದರಲ್ಲಿ ಹುಳು ಬಂದರೆ, ಆಗ ಇರಲಿಲ್ಲ ಈಗ ಬಂದಿದೆ ಎನ್ನಬಹುದು. ಯಾರಿಗೂ ಏನೂ ಆಗುವುದಿಲ್ಲ. ಹಳೆಯ ತಟ್ಟೆಯ ನೀರು ಯಾವ ಚರಂಡಿಯಲ್ಲಿ ಹೋಗಿ ಎಲ್ಲಿ ಸೇರಿತೋ, ಅದನ್ನು ಯಾರೂ ಹುಡುಕಿ ತರಲಾರರು. ಇದು ಎಷ್ಟು ಸರಿಯಾಗಿ ಹೊಂದಿಕೊಂಡಿತೆಂದರೆ ಅವಳಿಗೆ ತನ್ನ ಬುದ್ಧಿಯ ಮೇಲೇ ಅಸಹ್ಯ ಬಂತು, ಆದರೂ ಅದನ್ನು ಬಿಡಲಿಲ್ಲ. ಪಕ್ಕದಲ್ಲಿ ಮಗಳ ಮೊಣಕಾಲು ಅವಳ ತೊಡೆಗೆ ತಾಗುತ್ತಿತ್ತು. ಸಣ್ಣ, ಗಟ್ಟಿ ಮೂಳೆ. ಮುಟ್ಟಿದಳು. ಮಗಳು ಕಾಲು ಎಳೆದುಕೊಂಡಳು.

ಶೆಡ್ಡಿನ ಒಳಗೆ ನೆರಳುಬಲೆಯ ಹಸಿರು ಬೆಳಕು. ಒಂದು ಮೂಲೆಯಲ್ಲಿ ಎದೆಯೆತ್ತರದ ಮಣ್ಣಿನ ಗುಡ್ಡೆ, ಅದರ ಸುತ್ತ ಕೂತು ನಾಲ್ಕೈದು ಹೆಂಗಸರು ಖಾಲಿ ಟ್ರೇಗಳ ಗುಳಿಗಳಿಗೆ ಮಣ್ಣು ತುಂಬಿ ಅಂಗೈಯಿಂದ ಸವರುತ್ತಿದ್ದರು. ಇನ್ನೊಂದು ಕಡೆ ನಾಳೆ ಹೊರಡಲಿದ್ದ ಸಸಿಗಳು, ಸಾಲು ಸಾಲು, ಗೇಣುದ್ದ, ಒಂದೇ ಸಮ. ಅಷ್ಟು ಚೆಂದದ ಸಸಿ ಸುತ್ತಮುತ್ತ ಯಾರ ಹತ್ತಿರವೂ ಇರಲಿಲ್ಲ. ಹಿಂಭಾಗದಲ್ಲಿ ಸಿಮೆಂಟಿನ ತೊಟ್ಟಿಯ ಮುಂದೆ ಒಬ್ಬಳೇ ಕೂತು ಟ್ರೇ ತೊಳೆಯುತ್ತಿದ್ದ ಹೆಂಗಸು ತಲೆಯೆತ್ತಿ ನೋಡಿ, ಮಗಳಿಗೆ ಒಂದು ನಗು ಕೊಟ್ಟು, ಮತ್ತೆ ಬಗ್ಗಿದಳು.

"ಬಂದ್ರಾ, ಬನ್ನಿ. ಕೂಸೂ ಬಂದಿದೆ," ಎಂದಳು ಸಸಿಯಕ್ಕ. "ಏನೇ ಪುಟ್ಟ ಮೇಡಮ್ಮ, ನೀನೂ ಹುಳ ಎಣಿಸ್ತೀಯಾ?"

ಮಗಳು ತಾಯಿಯ ಹಿಂದೆ ಸರಿದಳು.

ಮಣ್ಣು ತುಂಬುತ್ತಿದ್ದವರಲ್ಲೊಬ್ಬಳು, "ಅದಕ್ಕೆ ಹೊಟ್ಟೇಲಿರೋ ಹುಳ ಎಣಿಸಿದ್ರೆ ಸಾಕು, ಎಷ್ಟು ಸಣ್ಣಕಿದೆ ನೋಡಿ," ಎಂದಳು. ಎಲ್ಲರೂ ನಕ್ಕರು. ತಾಯಿಯೂ ನಕ್ಕಳು. ನಗುತ್ತಲೇ ಒಂದು ಟ್ರೇಯಿಂದ ಸಸಿಯೊಂದನ್ನು ಎತ್ತಿ, ಬಕೆಟ್ಟಿನ ನೀರಿನಲ್ಲಿ ಅದ್ದಿ, ಮಣ್ಣು ಕರಗುವವರೆಗೆ ಮೆಲ್ಲಗೆ ಅಲ್ಲಾಡಿಸಿದಳು. ಎಳೆ ಬೇರು, ಹಾಲಿನ ಬಣ್ಣ. ಬೆಳಕಿಗೆ ಹಿಡಿದಳು. ರಾಗಿಕಾಳಿಗಿಂತ ಚಿಕ್ಕ ಉಬ್ಬುಗಳು, ಒಂದು, ಎರಡು, ಇಲ್ಲಿ ಇನ್ನೆರಡು. ಗೊತ್ತಿಲ್ಲದವರಿಗೆ ಕಾಣುವಂಥದ್ದಲ್ಲ. ಬೇರೆ ಸಾಲಿನಿಂದ ಇನ್ನೊಂದು ಎತ್ತಿದಳು. ಕೊನೆಯ ಸಾಲಿನಿಂದ ಮತ್ತೊಂದು. ನೇಗಿಲಲ್ಲ, ಕಾಲುವೆಯಲ್ಲ, ಯಾರ ಚಪ್ಪಲಿಯೂ ಅಲ್ಲ. ಸೊನ್ನೆ ನಿಜವಿರಬಹುದು ಎಂದು ಬೆಳಗಿನಿಂದ ಹಿಡಿದುಕೊಂಡಿದ್ದದ್ದು ಬಕೆಟ್ಟಿನ ನೀರಿನಲ್ಲಿ ಮಣ್ಣಿನ ಜೊತೆಗೇ ಕರಗಿ ತಳ ಸೇರಿತು.

ಸಸಿಯಕ್ಕ ಅವಳ ಮುಖ ನೋಡಿದಳು, ಬೇರು ನೋಡಿದಳು, ಸೊಂಟದ ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡು ಮತ್ತೆ ನೋಡಿದಳು. ನಗು ಒಂದೊಂದಾಗಿ ಎಲ್ಲರ ಮುಖದಿಂದಲೂ ಇಳಿಯಿತು.

"ಇಲ್ಲೇ ಇದೆ," ಎಂದಳು ಸಸಿಯಕ್ಕ. ಕನ್ನಡಕ ಬಿಚ್ಚಿ ಸಾಲು ಸಾಲು ಟ್ರೇಗಳನ್ನು ನೋಡಿದಳು. "ಯಾವ್ದೂ ಕಳ್ಸೋ ಹಾಗಿಲ್ಲ ಹಾಗಾದ್ರೆ."

"ಇಲ್ಲ ಅಕ್ಕ. ಒಂದೂ ಕಳಿಸಬೇಡಿ." ಇಷ್ಟನ್ನು ಹೇಳಲು ಸಾಧ್ಯವಾಗಿದ್ದಕ್ಕೆ ಅವಳಿಗೆ ಅಳು ಬರುವಷ್ಟು ಹಗುರವಾಯಿತು. ಮುಗಿಯಿತು, ಗಾಡಿ ಬರುವುದಿಲ್ಲ, ಇನ್ನು ಮನೆಗೆ ಹೋಗಬಹುದು ಎಂದುಕೊಂಡಳು.

"ಆದ್ರೆ ಎಲ್ಲಿಂದ ಬಂತು? ಮಣ್ಣಲ್ಲಿ ಇರ್ಲಿಲ್ಲವಲ್ಲ." ಸಸಿಯಕ್ಕ ಕಂಬದ ಮೇಲಿನ ಚೀಟಿಯ ಕಡೆ ನೋಡಿದಳು. ಪ್ಲಾಸ್ಟಿಕ್ ಹೊದಿಕೆಯಲ್ಲಿ, ನೀರು ತಾಗದಂತೆ, ಜೋಪಾನವಾಗಿ ಇಟ್ಟಿದ್ದಳು. "ಡಾಕ್ಟ್ರು ಏನಂದ್ರು?"

ಅವಳು ತನ್ನ ದನಿಯನ್ನೇ ಬೇರೆ ಯಾರದೋ ದನಿಯ ಹಾಗೆ ಕೇಳಿಸಿಕೊಂಡಳು: "ಟ್ರೇ ಇರಬಹುದು ಅಂದ್ರು."

ಅದು ಸುಳ್ಳಲ್ಲ. ಅವರು ಅಂದದ್ದು ಹಾಗೆಯೇ. ಆದರೆ ಸಸಿಯಕ್ಕನ ಕತ್ತು ಸಿಮೆಂಟಿನ ತೊಟ್ಟಿಯ ಕಡೆ ತಿರುಗುವುದನ್ನು ಕಂಡಾಗ, ಅದನ್ನು ಹಿಡಿದು ನಿಲ್ಲಿಸುವ ಹಾಗೆ ಅವಳ ಕೈ ಸ್ವಲ್ಪ ಮೇಲೆ ಬಂದು, ಅಲ್ಲೇ ನಿಂತಿತು.

"ಏ, ಬಾ ಇಲ್ಲಿ," ಎಂದು ಕರೆದಳು ಸಸಿಯಕ್ಕ. ಟ್ರೇ ತೊಳೆಯುವ ಹೆಂಗಸು ಕೈ ಒರೆಸಿಕೊಳ್ಳುತ್ತ ಬಂದಳು. "ತೊಳೆದಿದ್ಯಾ ಅಥವಾ ಸುಮ್ನೆ ನೀರು ತೋರಿಸಿ ಎತ್ತಿಟ್ಯಾ?"

"ತೊಳೆದಿದ್ದೀನಿ ಅಕ್ಕ. ಯಾಕೆ?"

"ತೊಳೆದಿದ್ರೆ ಇದು ಆಕಾಶದಿಂದ ಬಿತ್ತಾ? ಮೂರು ತೋಟ ಹಾಳಾಯ್ತು. ಇಷ್ಟೂ ಸಸಿ ಕಿತ್ತು ಸುಡಬೇಕು ಈಗ. ಹದಿನೈದು ವರ್ಷದಿಂದ ನನ್ನ ಸಸಿ ಬಗ್ಗೆ ಒಬ್ರು ಒಂದು ಮಾತು ಅಂದಿಲ್ಲ."

"ಬ್ಲೀಚಿಂಗ್ ನೀರಲ್ಲೇ ಅದ್ದಿಟ್ಟಿದ್ದೀನಿ ಅಕ್ಕ, ನೀವು ಹೇಳ್ದಷ್ಟೇ ಹೊತ್ತು. ಗುಳಿ ಗುಳಿಗೂ ಬ್ರಶ್ ಹಾಕಿದ್ದೀನಿ."

"ಮಣ್ಣಲ್ಲಿ ಸೊನ್ನೆ ಇದೆ ಕಣೆ, ಬರವಣಿಗೇಲಿದೆ. ಅದಿಲ್ಲ ಅಂದ್ಮೇಲೆ ಇನ್ನೇನು ಉಳೀತು? ನೀನು ನಾಳೆಯಿಂದ ಬರ್ಬೇಡ."

ಆ ಹೆಂಗಸು ಜಗಳವಾಡಲಿಲ್ಲ. ಅವಳಿಗೆ ಸಸಿಯಕ್ಕನಿಗಿಂತ ಹೆಚ್ಚು ವಯಸ್ಸಾಗಿತ್ತು. ಸೆರಗಿನೊಳಗಿದ್ದ ಎರಡೂ ಕೈಗಳನ್ನು ಹೊರಗೆ ತೆಗೆದು, ಅಂಗೈ ಮೇಲೆ ಮಾಡಿ, ಸಸಿಯಕ್ಕನ ಎದುರು ಹಿಡಿಯದೆ ಹುಳದ ಮೇಡಮ್ಮನ ಎದುರು ಹಿಡಿದಳು. ಬೆರಳ ಸಂದಿಯಲ್ಲಿ ಚರ್ಮ ಬೆಳ್ಳಗಾಗಿ ಸುಲಿದಿತ್ತು. ಕೆಲವು ಕಡೆ ಕೆಂಪು ಮಾಂಸ ಕಾಣುತ್ತಿತ್ತು, ಉಗುರುಗಳ ಅಂಚು ತಿಂದುಹೋಗಿತ್ತು.

"ನೀವು ಓದಿದವ್ರು, ನೀವು ಹೇಳಿ ಮೇಡಂ," ಎಂದಳು. "ತೊಳೀದೆ ಹ್ಯಾಗೆ ಹಿಂಗಾಗತ್ತೆ ಕೈ?"

ಅವಳು ಆ ಕೈಗಳನ್ನು ನೋಡಿದಳು. ಹನ್ನೊಂದು ವರ್ಷ ಕಣ್ಣಿಗೆ ಕಾಣದ್ದನ್ನು ನೋಡಿ ನೋಡಿ ಪಳಗಿದ ಕಣ್ಣು ಈಗ ಈ ಎರಡು ಅಂಗೈಗಳ ಮೇಲೆ ಒಂದು ಗೆರೆಯನ್ನೂ ಬಿಡದೆ ಹರಿಯಿತು. ಹೇಳಬೇಕಾದ ಮಾತು ನಾಲಿಗೆಯ ಮೇಲಿತ್ತು, ತೀರ ಚಿಕ್ಕದು, ನಾನು ನೋಡಿರಲಿಲ್ಲ ಎಂಬ ಎರಡು ಪದ. ಅದರ ಹಿಂದೆ ಡಾಕ್ಟರ ಕನ್ನಡಕ, ಕೆಮ್ಮಿದವರ ಮುಖಗಳು, ಕಂಬದ ಮೇಲಿನ ಪ್ಲಾಸ್ಟಿಕ್ ಹೊದಿಕೆ, ನಾಳೆಯಿಂದ ಯಾವ ಮುಖ ಇಟ್ಟುಕೊಂಡು ಎಂಬುದು. ಎಲ್ಲರೂ ಕಾಯುತ್ತಿದ್ದರು. ಮಣ್ಣು ಸವರುತ್ತಿದ್ದ ಅಂಗೈಗಳು ಟ್ರೇಗಳ ಮೇಲೆ ನಿಂತಿದ್ದವು. ತಲೆ ತಗ್ಗಿಸಿದಾಗ ಸೀರೆಯ ನೆರಿಗೆಯ ಪಕ್ಕದಲ್ಲಿ ಎರಡು ಜಡೆಯ ತಲೆ ಕಾಣಿಸಿತು. ಮಗಳು ಅವಳ ಹಿಂದಿನಿಂದ ಈಚೆಗೆ ಬಂದು ನಿಂತಿದ್ದಳು, ಆ ಸುಲಿದ ಕೈಗಳನ್ನೇ ನೋಡುತ್ತಿದ್ದಳು. ಬಾಯಿ ತೆರೆಯಿತು. ಮುಚ್ಚುತ್ತದೆ ಎಂದು ಅವಳು ಕಾದಳು. ಮುಚ್ಚಲಿಲ್ಲ. ಆ ಮುಖದ ಮೇಲಿದ್ದದ್ದು ಮುನಿಸಾಗಿರಲಿಲ್ಲ, ನಾಲ್ಕು ತಿಂಗಳಲ್ಲಿ ಒಂದು ದಿನವೂ ಆಗಿರಲಿಲ್ಲ. ಅದು ಹೆದರಿಕೆ, ತನ್ನದೇ ಹೆದರಿಕೆಯ ಚಿಕ್ಕ ಅಳತೆ ಎಂದು ಅವಳಿಗೆ ಅರ್ಥವಾಗುವುದಕ್ಕೂ ಮಗಳು ಎಲ್ಲರಿಗೂ ಕೇಳಿಸುವ ಹಾಗೆ ಕೇಳುವುದಕ್ಕೂ ಸರಿಹೋಯಿತು.

"ಅಮ್ಮ, ಅವತ್ತು ನಾನು ಬ್ರಶ್ ಅದ್ದಿ ಚೆಲ್ಲಿಬಿಟ್ನಲ್ಲ, ಆ ತಟ್ಟೇಲಿ ಹುಳ ಇತ್ತಾ?"